ಎಡಗಡೆಯ ನಾಲ್ಕು ಸೀಟು

ಶುರುವಾದದ್ದು ಚಂದ್ರನಿಂದ.
ಊಟದ ಹೊತ್ತು. ನರಿಮನ್ ಪಾಯಿಂಟಿನ ನಮ್ಮ ವಿಮಾ ಕಚೇರಿಯ
ನಾಲ್ಕನೇ ಮಾಳಿಗೆಯ ಕಿಟಕಿಯಲ್ಲಿ
ಡಬ್ಬಿ ತೊಳೆದ ಕೈ ಒರೆಸಿಕೊಳ್ಳುತ್ತಿದ್ದೆ.
ಕೆಳಗೆ, ಥಿಯೇಟರಿನ ಹಿಂಬಾಗಿಲಲ್ಲಿ,
ಆರು ಮಂದಿ ಲಾರಿಯಿಂದ ಚಂದ್ರನನ್ನು ಇಳಿಸುತ್ತಿದ್ದರು,
ಗುಳ್ಳೆ ಪ್ಲಾಸ್ಟಿಕ್ಕು ಸುತ್ತಿದ ಮರದ ಚಂದ್ರ.
ಒಂದು ಮಗ್ಗುಲಿಗೆ ಇನ್ನೂ ಬಣ್ಣ ಬಿದ್ದಿರಲಿಲ್ಲ.
ಅದರ ಹಿಂದೆಯೇ ಇಳಿಯಿತು ಒಂದು ಮೆಟ್ಟಿಲು,
ಯಾವ ಮಹಡಿಗೂ ಸೇರದ್ದು.

ಇಪ್ಪತ್ತೆರಡು ವರ್ಷ ಆ ಗೋಡೆಗೊರಗಿ ಬಸ್ಸಿಗೆ ಕಾದಿದ್ದೇನೆ.
ಒಳಗೆ ಹೋದವಳಲ್ಲ.

ಸಂಜೆ ಲೇಡೀಸ್ ಡಬ್ಬಿಯಲ್ಲಿ, ಮಸ್ಜಿದ್ ದಾಟುವ ಮೊದಲೇ,
ಹೇಳಿಬಿಟ್ಟೆ.
ಜಲಜಕ್ಕ ಬೀನ್ಸಿನ ನಾರು ತೆಗೆಯುತ್ತಿದ್ದಳು;
ಕೈ ನಿಲ್ಲಿಸದೆ ಕೇಳಿದಳು: ಟಿಕೇಟು ಎಷ್ಟು?
ಹೇಳಿದೆ.
ಬೈಕಳಾ ಬರುವವರೆಗೆ ಯಾರೂ ಮಾತಾಡಲಿಲ್ಲ.
ಆಮೇಲೆ ವರ್ಷಾ ಸುರ್ವೆ: ಭಿಶಿಯ ದುಡ್ಡಿದೆಯಲ್ಲ.
ಅದು ಮಹಾಬಳೇಶ್ವರಕ್ಕೆಂದು ಎತ್ತಿಟ್ಟದ್ದು,
ಮೂರು ವರ್ಷದಿಂದ ಒಬ್ಬರಲ್ಲ ಒಬ್ಬರ ಮಕ್ಕಳ ಪರೀಕ್ಷೆಗೆ
ಮುಂದಕ್ಕೆ ಹೋಗುತ್ತಲೇ ಇರುವ ಮಹಾಬಳೇಶ್ವರ.
ಘಾಟ್ಕೋಪರಿನಲ್ಲಿ ಬೆಟ್ಟವನ್ನು ಕೈಬಿಟ್ಟೆವು.

ಸೀಟಿನದೇ ದೊಡ್ಡ ಲೆಕ್ಕ.
ಫಿಲೊಮಿನಾಳ ಎಡಗಿವಿ ಎಂದೋ ಹೋಗಿದೆ,
ಛಾಪಖಾನೆಯಲ್ಲಿ ಹದಿನೈದು ವರ್ಷ
ಯಂತ್ರವನ್ನು ಎಡಕ್ಕಿಟ್ಟುಕೊಂಡು ನಿಂತದ್ದಕ್ಕೆ.
ಬಲಗಿವಿ ರಂಗದ ಕಡೆಗಿರಬೇಕು.
ಅಂದರೆ ನಾವು ಎಡಗಡೆ ಕೂರಬೇಕು.
ಅಂದರೆ ಅವಳ ಬಲಕ್ಕೆ ಪಿಸುಗುಡುವವರು ಯಾರೂ ಇರಬಾರದು.
ಅಂದರೆ ಜಲಜಕ್ಕ ಅವಳ ಎಡಕ್ಕೆ.
ಟಿಕೇಟಿನ ಹುಡುಗ ಫೋನಿನಲ್ಲಿ ಎರಡು ಸಲ ಕೇಳಿದ:
ಮೇಡಂ, ನಟ್ಟನಡುವೆ ಖಾಲಿ ಇದೆ, ಅದೇ ರೇಟು, ಯಾಕೆ ಬೇಡ?
ಅವನಿಗೇಕೆ ಅದೆಲ್ಲ.
ಬಾಲ್ಕನಿ, ಕಡೆಯ ಸಾಲು, ಒಂದರಿಂದ ನಾಲ್ಕು.

ಮನೆಯಲ್ಲಿ ಇವರು: ಕಥೆ ಏನಂತೆ?
ಗೊತ್ತಿಲ್ಲ, ಎಂದೆ. ಚಂದ್ರ ಇದ್ದಾನೆ.
ಎಲ್ಲ ಇಂಗ್ಲಿಷಿನಲ್ಲಿ ಹಾಡುತ್ತಾರೆ, ನಿಮಗೇನು ತಿಳಿದೀತು?
ಮುಳುಗಿದ ಹಡಗುಗಳ ಕಾಗದವನ್ನೆಲ್ಲ
ನಾನು ಇಂಗ್ಲಿಷಿನಲ್ಲೇ ಓದಿದ್ದೇನೆ, ಎಂದೆ.
ಹಾಡಿದರೆ ಇನ್ನೂ ಸುಲಭವಿರಬೇಕು.

ಸೀರೆ ಬದಲಿಸುವುದು ನಮ್ಮ ಫೈಲು ಕೋಣೆಯಲ್ಲಿ;
ಚಿಲಕ ಕೆಟ್ಟಿದೆ, ಒಬ್ಬಳು ಬಾಗಿಲು ಹಿಡಿಯಬೇಕು.
ಪೈಠಣಿ ಬೇಡ ಎಂದು ವರ್ಷಾಳಿಗೆ ಹೇಳಿಯಾಗಿದೆ,
ಬೇಡವೆಂದರೆ ಉಟ್ಟೇ ಬರುತ್ತಾಳೆ.
ಚಕ್ಕುಲಿಗೆ ಪ್ಲಾಸ್ಟಿಕ್ ಬೇಡ, ಸದ್ದಾಗುತ್ತದೆ,
ಹಳೆಯ ಪಂಚೆಯ ತುಂಡಿನಲ್ಲಿ ಕಟ್ಟಿಕೊಳ್ಳುವುದು.
ಚಕ್ಕುಲಿಯದೇ ಸದ್ದಲ್ಲವಾ, ಎಂದಳು
ಫಿಲೊಮಿನಾ. ಅವಳೇ! ಮೊದಲು ನಕ್ಕವಳೂ ಅವಳೇ.
ಹಾಗಾಗಿ ಮೊದಲೇ, ಸಮುದ್ರದ ಕಟ್ಟೆಯ ಮೇಲೆ ಕೂತು,
ತಿಂದು ಮುಗಿಸುವುದು.
ಪರದೆ ಬಿದ್ದ ಕೂಡಲೇ ಟ್ಯಾಕ್ಸಿ ಹಿಡಿದರೆ
ಡೊಂಬಿವಿಲಿಗೆ ಕೊನೆಯ ಲೋಕಲ್ಲು ಸಿಗುತ್ತದೆ.
ಚಪ್ಪಾಳೆಯನ್ನು ಮೆಟ್ಟಿಲು ಇಳಿಯುತ್ತಲೇ ತಟ್ಟುವುದು.

ನಿನ್ನೆ ರಾತ್ರಿ ವರ್ಷಾಳ ಫೋನು.
ಅತ್ತೆಗೆ ಜ್ವರ. ಶನಿವಾರ ನೋಡಬೇಕು.
ಹಣ ವಾಪಸ್ ಕೇಳಲಿಲ್ಲ. ಸೀಟು ಯಾರಿಗೂ ಕೊಡಬೇಡಿ, ಎಂದಳು,
ಬರದಿದ್ದರೂ ನನ್ನ ಪರ್ಸನ್ನಾದರೂ ಅಲ್ಲಿ ಇಡಿ.
ಪರ್ಸು ನಮಗೆ ಹೇಗೆ ತಲುಪುತ್ತದೆ ಎಂದು
ಕೇಳಬೇಕೆನಿಸಿತು; ಕೇಳಲಿಲ್ಲ.

ಇವತ್ತು ಮತ್ತೆ ಕಿಟಕಿ.
ಕೆಳಗೆ ಅಂಗಳದಲ್ಲಿ ಒಬ್ಬ ಮುದುಕ ಸ್ಟೂಲು ಹಾಕಿಕೊಂಡು
ಉಳಿದ ಮಗ್ಗುಲಿಗೆ ಬಣ್ಣ ಬಳಿಯುತ್ತಿದ್ದ.
ಚಂದ್ರನ ಅಂಚಿನ ಮೇಲೆ ಚಹಾದ ಗ್ಲಾಸು.
ದೂರ ಹೋಗಿ ನಿಂತು ನೋಡಿದ, ತಲೆಯಾಡಿಸಿದ,
ಗ್ಲಾಸು ಅಲ್ಲೇ ಬಿಟ್ಟು ಬೀಡಿ ಸೇದಲು ಹೋದ.
ಸಮುದ್ರದ ಕಡೆಯಿಂದ ಒಂದು ಕಪ್ಪು ಮೋಡ ಏರುತ್ತಿತ್ತು.
ಹಸಿ ಬಣ್ಣ, ಒಳಗಿಡಿ, ಯಾರಾದರೂ ಒಳಗಿಡಿ!
ಕಿಟಕಿ ತೆರೆಯುವಂಥದ್ದಲ್ಲ.
ಉಂಗುರದ ಬೆರಳಿನಿಂದ ಗಾಜು ತಟ್ಟಿದೆ,
ಇನ್ನೊಮ್ಮೆ, ಜೋರಾಗಿ.